ಮೆಂತ್ಯಕ್ಕೆ ಬರೀ ಪಲ್ಲವಿ

ನಾನು ಜೀವನದಲ್ಲಿ ಒಂದೇ ಒಂದು ಸಲ ಗೂಢಚಾರಿಕೆ ಮಾಡಿದ್ದೇನೆ. ತೊಂಬತ್ತರ ದಶಕದ ನಡುವಿನಲ್ಲಿ, ನಂಜನಗೂಡಿನಿಂದ ನರಸೀಪುರಕ್ಕೆ ಬಸ್ಸಿನಲ್ಲಿ ಹೋಗಿ, ಎರಡು ಸಲ ಹೊಟ್ಟೆ ತುಂಬ ಉಂಡು, ಉಣ್ಣಿಸಿದವಳ ಬಾಳು ಹಾಳು ಮಾಡಿ ಬಂದೆ. ಕೆಲಸ ಅಚ್ಚುಕಟ್ಟಾಗಿ ಆಯಿತು. ಮನೆಯಲ್ಲಿ ಎಲ್ಲರೂ ಮೆಚ್ಚಿಕೊಂಡರು.

ಆಗ ನನಗೆ ಇಪ್ಪತ್ತಾರು. ಅಷ್ಟರಲ್ಲಿ ಐದು ಮನೆಯವರು ನನ್ನನ್ನು ನೋಡಿ ಹೋಗಿದ್ದರು. ಬಂದವರೆಲ್ಲ ಉಪ್ಪಿಟ್ಟು, ಕೇಸರಿಬಾತು ತಿಂದು, ಕೈ ಒರೆಸಿಕೊಂಡು, 'ಊರಿಗೆ ಹೋಗಿ ಕಾಗದ ಬರೀತೀವಿ' ಅಂದಿದ್ದರು. ಕನ್ನಡದಲ್ಲಿ ಬೈಗುಳ ಬೇಕಾದಷ್ಟಿವೆ, ಆದರೆ ಇಷ್ಟು ಮರ್ಯಾದೆಯಾಗಿ ಮುಖಕ್ಕೆ ಉಗಿಯುವ ಮಾತು ಇನ್ನೊಂದಿಲ್ಲ. ಹುಡುಗಿ ಒಪ್ಪಿಗೆಯಾದವರು ಹೊಸ್ತಿಲು ದಾಟುವ ಮೊದಲೇ ಛತ್ರದ ಮಾತೆತ್ತುತ್ತಾರೆ, ಕಾಗದದ ಸುದ್ದಿ ಎತ್ತುವುದಿಲ್ಲ. ಮೊದಲ ಸಲ ಅಮ್ಮ ಹದಿನೈದು ದಿನ ಪೋಸ್ಟ್‌ಮ್ಯಾನ್ ದಾರಿ ಕಾದಳು. ಐದನೆಯ ಸಲ ಅವರು ಚಪ್ಪಲಿ ಹಾಕಿಕೊಳ್ಳುತ್ತಿರುವಾಗಲೇ ನಾನು ಸೀರೆ ಬಿಚ್ಚಿ ಮಡಿಸಿಟ್ಟೆ.

ಹೊತ್ತು ಹೋಗಲು ಪುಸ್ತಕ ಓದುತ್ತಿದ್ದೆ. ನಂಜನಗೂಡಿನ ಬಸ್ ಸ್ಟ್ಯಾಂಡಿನ ಹಿಂದೆ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಒಂದು ಅಂಗಡಿಯಿತ್ತು. ಸಾಮಾಜಿಕ ಕಾದಂಬರಿಗಳಲ್ಲಿ ಕೊನೆಗೆ ಎಲ್ಲರಿಗೂ ಮದುವೆಯಾಗುತ್ತಿದ್ದುದರಿಂದ ಅವು ನನಗೆ ಆಗುತ್ತಿರಲಿಲ್ಲ. ಗೂಢಚಾರರ ಕಾದಂಬರಿಗಳನ್ನು ತರುತ್ತಿದ್ದೆ. ಅವನ್ನು ಬರೆದವರಲ್ಲಿ ಹೆಚ್ಚಿನವರು ಮೈಸೂರು, ಬೆಂಗಳೂರು ಬಿಟ್ಟು ಆಚೆ ಹೋದವರಲ್ಲ ಅನ್ನುವ ಗುಮಾನಿ ನನಗೆ ಆಗಲೇ ಇತ್ತು. ಅವರ ಬರ್ಲಿನ್ನಿನಲ್ಲಿ ಗೂಢಚಾರ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ. ಪಿಸ್ತೂಲು ಹಿಡಿದವನು ಕೂಡ ಮೊದಲು 'ಏನು ತಗೋತೀರಿ' ಅಂತ ಕೇಳಿ ಆಮೇಲೆ ಗುಂಡು ಹಾರಿಸುತ್ತಿದ್ದ. ಆದರೂ ಅವರಿಂದ ನಾನು ಕಲಿತದ್ದು ಬಹಳ. ಹೋದ ಕಡೆ ಅಲ್ಲಿರುವುದಕ್ಕೆ ಒಂದು ನೆಪ ಇರಬೇಕು. ಪ್ರಶ್ನೆ ಕೇಳಬಾರದು, ಸುಮ್ಮನಿದ್ದರೆ ಎದುರಿನವರೇ ಮಾತಾಡುತ್ತಾರೆ. ಇವೆರಡೂ ನಮ್ಮ ಕಡೆ ಹೆಣ್ಣು ಗಂಡು ವಿಚಾರಿಸುವವರಿಗೆ ಯಾವ ಕಾದಂಬರಿಯೂ ಇಲ್ಲದೆ ಗೊತ್ತಿದ್ದ ವಿಷಯಗಳೇ.

ವಿಚಾರಿಸುವುದು ಅಂದರೆ ಜಾತಕ, ಫೋಟೋ ಕೈ ಬದಲಾದ ಮೇಲೆ, ಹೆಣ್ಣು ನೋಡುವ ಮೊದಲು, ಆ ಮನೆಯ ಸುತ್ತಮುತ್ತ ಯಾರಿಗೂ ಗೊತ್ತಾಗದ ಹಾಗೆ ಒಂದು ಸುತ್ತು ಹಾಕಿ ಬರುವುದು. ನಮ್ಮ ಮನೆಯಲ್ಲಿ ಅದು ಸೋದರತ್ತೆಯ ಇಲಾಖೆ. ಅಪ್ಪನ ಅಕ್ಕ ಅವರು, ನಮ್ಮಲ್ಲೇ ಇದ್ದವರು. ಬಾಡಿಗೆ ಮನೆ ಹುಡುಕುವ ನೆಪದಲ್ಲಿ ಪಕ್ಕದ ಮನೆಯ ಜಗಲಿಯಲ್ಲಿ ಕೂತು ಎದುರು ಮನೆಯ ಮೂರು ತಲೆಮಾರನ್ನು ಬಗೆದು ತರುತ್ತಿದ್ದರು. ನನ್ನಣ್ಣ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ನನ್ನ ಮದುವೆ ಮೊದಲಾಗಲಿ ಅಂತ ಅವನದ್ದನ್ನು ಎಷ್ಟು ದಿನ ತಡೆಯೋದು ಅಂತ ಅವನಿಗೂ ನೋಡತೊಡಗಿದ್ದರು. ನರಸೀಪುರದ ಒಂದು ಹುಡುಗಿಯ ಜಾತಕ ಕೂಡಿ ಬಂತು. ಆ ಹೊತ್ತಿಗೆ ಸರಿಯಾಗಿ ಅತ್ತೆಯ ಮೊಣಕಾಲು ಕೈಕೊಟ್ಟಿತು. 'ಇವಳನ್ನ ಕಳ್ಸಿ, ಅದೆಷ್ಟು ಪುಸ್ತಕ ಓದ್ತಾಳೋ ಅಷ್ಟಕ್ಕಾದ್ರೂ ಉಪಯೋಗಕ್ಕೆ ಬರ್ಲಿ' ಅಂದರು.

ನೆಪ ಹುಡುಕುವ ಕಷ್ಟವೂ ಇರಲಿಲ್ಲ. ಆ ಹುಡುಗಿ, ಅವಳ ತಾಯಿ ಸೇರಿ ಮನೆಯಲ್ಲೇ ಸಾರಿನ ಪುಡಿ, ಹುಳಿಪುಡಿ ಮಾಡಿ ಮಾರುತ್ತಿದ್ದರು. ತಂದೆ ರಿಟೈರಾದ ಮೇಷ್ಟ್ರು. ನಾನು ಬಿಳಿಗೆರೆಯ ಸ್ಕೂಲಿನ ಟೀಚರಾದೆ, ಪುಡಿ ಕೊಳ್ಳಲು ಬಂದವಳಾದೆ. ಸುತ್ತೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಕೂತು ನನ್ನ ಸುಳ್ಳು ಹೆಸರನ್ನು ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಬಹಳ ದಿನಗಳ ಮೇಲೆ ಅಷ್ಟು ಖುಷಿಯಾಗಿದ್ದೆ.

ನಾನು ಹೋದಾಗ ತಾಯಿ ಮಿಲ್ಲಿಗೆ ಹೋಗಿದ್ದರು. ಹುಡುಗಿ ಒಬ್ಬಳೇ ಅಡುಗೆಮನೆಯಲ್ಲಿ ಕೊತ್ತಂಬರಿ ಬೀಜ ಹುರಿಯುತ್ತಿದ್ದಳು. ಒಲೆಯ ಮೇಲಿನ ಗೂಡಿನಲ್ಲಿ ಒಂದು ಟೇಪ್ ರೆಕಾರ್ಡರ್, ಎಣ್ಣೆ ಜಿಡ್ಡು ಹತ್ತಿ ಕಂದು ಬಣ್ಣಕ್ಕೆ ತಿರುಗಿದ್ದು. ಅದರಲ್ಲಿ ಇಂಗ್ಲಿಷ್ ಪಾಪ್ ಹಾಡು, ಇದ್ದಬದ್ದ ಪಾತ್ರೆಯೆಲ್ಲ ನಡುಗುವಷ್ಟು ಜೋರಾಗಿ. ಬೆಂಗಳೂರಿನ ಯಾರೋ ನೆಂಟರು ಬಿಟ್ಟುಹೋದ ಕ್ಯಾಸೆಟ್ಟಂತೆ. ಒಂದು ಪದವೂ ಅರ್ಥವಾಗುವುದಿಲ್ಲ ಅಂತ ಅವಳೇ ನಗುತ್ತ ಹೇಳಿದಳು. ಹಾಡು ಮುಗಿದ ಕೂಡಲೇ ಬಾಣಲೆ ಇಳಿಸಿದಳು. ಬೀಜವನ್ನು ಮೊರಕ್ಕೆ ಸುರಿದು, ಕ್ಯಾಸೆಟ್ಟನ್ನು ಮುಂದಕ್ಕೆ ಓಡಿಸಿ, ಮೆಂತ್ಯ ಹಾಕಿದಳು. ಮುಂದಿನ ಹಾಡಿನ ಪಲ್ಲವಿ ಮುಗಿಯುವಷ್ಟರಲ್ಲಿ ಅದನ್ನೂ ಇಳಿಸಿದಳು. ಒಂದು ಕಾಳೂ ಕಪ್ಪಾಗಿರಲಿಲ್ಲ. ಇದೇನು ಪದ್ಧತಿ ಅಂತ ನಾನು ಕೇಳಲಿಲ್ಲ, ಕೇಳಬಾರದಲ್ಲ.

ಊಟ ಮಾಡಿಕೊಂಡು ಹೋಗಿ ಅಂದಳು. ಬೇಡ ಅಂದೆ. ಬಿಸಿಲಲ್ಲಿ ಬಂದಿದ್ದೀರಿ, ನಮ್ಮ ಪುಡಿ ಹೆಂಗಿದೆ ಅಂತ ತಿಂದು ನೋಡದೆ ಹೆಂಗೆ ಕೊಳ್ತೀರಿ ಅಂದಳು. ಬಡಿಸಿದ ಸಾರನ್ನು ನಾನು ಅನ್ನಕ್ಕೂ ಹಾಕಿಕೊಂಡೆ, ಲೋಟಕ್ಕೂ ಹಾಕಿಸಿಕೊಂಡೆ. ನಿಜ ಹೇಳುತ್ತೇನೆ, ಅಷ್ಟು ಚೆನ್ನಾದ ಸಾರನ್ನು ಅದಕ್ಕೆ ಮುಂಚೆಯೂ ತಿಂದಿರಲಿಲ್ಲ, ಆಮೇಲೂ ತಿಂದಿಲ್ಲ. ಮನೆಗೆ ಬಂದು ಅತ್ತೆಗೆ, 'ಹುಡುಗಿ ಲಕ್ಷಣವಾಗಿದ್ದಾಳೆ, ಅಡುಗೆ ಚೆನ್ನಾಗಿ ಮಾಡ್ತಾಳೆ' ಅಂತ ವರದಿ ಒಪ್ಪಿಸಿದೆ. ಅತ್ತೆ ಸಪ್ಪೆ ಮುಖ ಮಾಡಿದರು. ಅಷ್ಟು ಹೇಳೋಕೆ ಬಸ್ ಚಾರ್ಜ್ ಯಾಕೆ, ಹುಳುಕಿಲ್ಲದ ಹಣ್ಣು ಎಲ್ಲಿದೆ, ಇನ್ನೊಂದು ಸಲ ಹೋಗು ಅಂದರು.

ವಾರ ಬಿಟ್ಟು ಹೋದೆ. ಅತ್ತೆ ಹೇಳಿದರು ಅಂತ ಮಾತ್ರ ಅಲ್ಲ, ನನಗೇ ಹೋಗಬೇಕು ಅನ್ನಿಸಿತ್ತು. ಅವತ್ತೂ ಮನೆಯಲ್ಲಿ ಒಬ್ಬಳೇ ಇದ್ದ ಅವಳು ನನ್ನನ್ನು ಹಳೆಯ ಗೆಳತಿಯ ಹಾಗೆ ಒಳಗೆ ಕರೆದು ಅಡುಗೆಮನೆಯಲ್ಲೇ ಮಣೆ ಹಾಕಿದಳು. ಮಾತಾಡುತ್ತ ಮಾತಾಡುತ್ತ ಇನ್ನೊಂದು ಒಲೆಯ ಮೇಲಿದ್ದ ಹಾಲು ತಳ ಹಿಡಿಯಿತು. ಸೀದ ವಾಸನೆ ನಡುಮನೆಯವರೆಗೂ ಹೋಯಿತು. ಅವಳು ಹಾಲಿಗೆ ಬೆನ್ನು ಹಾಕಿ ನಿಂತು ನಗುನಗುತ್ತ ಮಾತಾಡುತ್ತಲೇ ಇದ್ದಳು. ನಾನು ಸುಮ್ಮನೆ ನೋಡುತ್ತ ಕೂತೆ. ಎಷ್ಟು ಹೊತ್ತು ಗಮನಿಸದೇ ಇರುತ್ತಾಳೋ ನೋಡೋಣ ಅನ್ನುವ ಕೆಟ್ಟ ಕುತೂಹಲ. ಕೊನೆಗೆ ಹೊಗೆ ಕಣ್ಣಿಗೆ ಬಿದ್ದಾಗ ತಿರುಗಿ ಒಲೆ ಆರಿಸಿದಳು. ನನ್ನ ಮುಖ ನೋಡಿದಳು. ಸ್ವಲ್ಪ ಹೊತ್ತು ಏನೋ ಯೋಚನೆ ಮಾಡಿ ಟೇಪ್ ರೆಕಾರ್ಡರ್ ನಿಲ್ಲಿಸಿ ನನ್ನೆದುರು ಬಂದು ಕೂತಳು.

'ಅಕ್ಕ, ನಂಗೆ ವಾಸನೆ ಗೊತ್ತಾಗಲ್ಲ' ಅಂದಳು.

ಹತ್ತು ವರ್ಷದವಳಿದ್ದಾಗ ಅಟ್ಟದ ಏಣಿಯಿಂದ ಜಾರಿ ಬಿದ್ದಿದ್ದಳಂತೆ. ತಲೆಯ ಹಿಂಭಾಗಕ್ಕೆ ಪೆಟ್ಟು. ಗಾಯ ಮಾಯಿತು, ಬೇರೇನೂ ತೊಂದರೆಯಾಗಲಿಲ್ಲ, ವಾಸನೆ ಮಾತ್ರ ಹೋದದ್ದು ಬರಲಿಲ್ಲ. ಉಪ್ಪು, ಹುಳಿ, ಖಾರ ನಾಲಗೆಗೆ ಗೊತ್ತಾಗುತ್ತದೆ, ಅಷ್ಟೇ. ಸಾಸಿವೆ, ಜೀರಿಗೆ ಚಟಪಟ ಅನ್ನುವುದು ಕಿವಿಗೆ ಕೇಳಿಸುತ್ತದೆ. ಕೊತ್ತಂಬರಿ ಬೀಜ, ಮೆಂತ್ಯ, ಮೆಣಸಿನಕಾಯಿ ಹದ ಹೇಳುವುದು ಘಮದಿಂದ, ಅದು ಇಲ್ಲ. ಅದಕ್ಕೆ ಹಾಡು. ಯಾವಾಗಲೂ ಅದೇ ಒಲೆ, ಅದೇ ಉರಿ, ಅದೇ ಬಾಣಲೆ, ಅಷ್ಟೇ ಸೇರು ಬೀಜ. ಕೊತ್ತಂಬರಿಗೆ ಇಡೀ ಹಾಡು, ಮೆಣಸಿನಕಾಯಿಗೆ ನಡುವೆ ಗಿಟಾರು ಶುರುವಾಗುವವರೆಗೆ, ಮೆಂತ್ಯಕ್ಕೆ ಬರೀ ಪಲ್ಲವಿ. ಈ ಲೆಕ್ಕ ಕೂಡಿಸುವುದಕ್ಕೆ ಎರಡು ವರ್ಷ ಹಿಡಿಯಿತಂತೆ, ಎಷ್ಟು ಸೇರು ಬೀಜ ಸೀಯಿಸಿ ಎಸೆದಳೋ ಗೊತ್ತಿಲ್ಲವಂತೆ. ಪುಡಿಯಾದ ಮೇಲೆ ತಾಯಿ ಒಮ್ಮೆ ಮೂಸಿ ನೋಡುತ್ತಾರೆ. ತಪ್ಪು ಹಿಡಿದು ವರ್ಷಗಳೇ ಆಗಿದ್ದವು.

'ಗಂಡಿನ ಕಡೆಯವ್ರಿಗೆ ಹೇಳ್ಕೂಡ್ದು ಅಂತ ಅಮ್ಮ ಆಣೆ ಹಾಕ್ಸಿದ್ದಾರೆ. ನಂಗೆ ಮುಚ್ಚಿಟ್ಟು ಹೋಗೋಕೆ ಇಷ್ಟ ಇಲ್ಲ' ಅಂದಳು. ನಾನು 'ಹೌದಾ' ಅಂದೆ. ಅವಳು ಎಲೆ ಹಾಕಿ ಮತ್ತೆ ಬಡಿಸಿದಳು. ಹೊರಟಾಗ ಒಂದು ಪೊಟ್ಟಣ ಸಾರಿನ ಪುಡಿ ಕೈಗಿಟ್ಟು, ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ತಳ್ಳಿದಳು.

ಉಂಡ ಮನೆಗೆ ಎರಡು ಬಗೆಯಬಾರದು ಅಂತ ನಮ್ಮಲ್ಲಿ ಮಕ್ಕಳಿಗೂ ಹೇಳಿಕೊಟ್ಟಿರುತ್ತಾರೆ. ವಾಪಸು ಬರುವ ಬಸ್ಸಿನಲ್ಲಿ ಆ ಗಾದೆ ನನಗೆ ನೆನಪಾಗಲಿಲ್ಲ ಅಂತೇನಿಲ್ಲ. ಆದರೆ ನನಗೆ ಹೊಟ್ಟೆಕಿಚ್ಚು. ಐದು ಸಲ ಸಿಂಗರಿಸಿಕೊಂಡು ಕೂತು ಬೇಡವಾದವಳು ನಾನು. ಕಣ್ಣು, ಕಿವಿ, ಮೂಗು ಎಲ್ಲ ನೆಟ್ಟಗಿದ್ದವಳು. ಇವಳಿಗೆ ಅರ್ಧ ಪ್ರಪಂಚ ಗೊತ್ತಾಗುವುದಿಲ್ಲ, ಆದರೂ ಅರ್ಥವಾಗದ ಹಾಡಿಗೆ ಸೌಟು ಹಿಡಿದು ಸುಖವಾಗಿದ್ದಾಳೆ. ನಾಳೆ ನಮ್ಮ ಮನೆಗೆ ಬಂದು ನಮ್ಮ ಅಡುಗೆಮನೆಯಲ್ಲಿ ನಿಂತು ಅದನ್ನೇ ಮಾಡುತ್ತಾಳೆ, ಎಲ್ಲರೂ ಸಾರು ಸುರಿದು ಸುರಿದು ಹೊಗಳುತ್ತಾರೆ, ನಾನು ಪಕ್ಕದಲ್ಲಿ ಕೂತು ತರಕಾರಿ ಹೆಚ್ಚಿಕೊಡಬೇಕು. ಇದನ್ನು ನನಗೆ ಸಹಿಸಲಾಗಲಿಲ್ಲ.

ಅವತ್ತು ಸಂಜೆ ನಡುಮನೆಯಲ್ಲಿ ನಾನು ಕೊಟ್ಟದ್ದು ವರದಿಯಲ್ಲ, ನಾಟಕ. ಒಂದು ಸೌಟು ಹಿಡಿದು ನಿಂತೆ. ಬಾಯಲ್ಲೇ ಡಬಡಬ ಅಂತ ಇಂಗ್ಲಿಷ್ ಹಾಡು ಹೊಡೆದೆ. ಬೆನ್ನ ಹಿಂದೆ ಮನೆ ಹೊತ್ತಿ ಉರಿದರೂ ನಗುತ್ತ ನಿಂತಿರುವ ಸೊಸೆಯನ್ನು ಮಾಡಿ ತೋರಿಸಿದೆ. ಮಗುವಿನ ಬಟ್ಟೆ ಯಾವಾಗ ಬದಲಿಸಬೇಕು ಅಂತ ಹಾಡು ಹಾಕಿ ನೋಡುವುದನ್ನೂ ನಾನೇ ಸೇರಿಸಿದೆ. ಅಪ್ಪ ಪೇಪರಿನ ಹಿಂದೆ ನಕ್ಕರು. ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅಣ್ಣನಂತೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಆ ಮನೆಯಲ್ಲಿ ನನ್ನ ಮಾತಿಗೆ ಅಷ್ಟು ಜನ ಅಷ್ಟು ಹೊತ್ತು ಕಿವಿಗೊಟ್ಟದ್ದು ಅದೇ ಮೊದಲು. ಅತ್ತೆ ಮಾತ್ರ ನಗಲಿಲ್ಲ. 'ಮೂಗು ಬಿಡು, ತಲೆಗೆ ಪೆಟ್ಟು ಬಿದ್ದಿದೆಯಲ್ಲ' ಅಂದರು.

ಅಲ್ಲಿಗೇ ಬೇಡ ಅಂದುಬಿಟ್ಟಿದ್ದರೆ ಅದೊಂದು ಸಾಮಾನ್ಯ ಕೆಟ್ಟತನ. ಆದರೆ ಮಧ್ಯಸ್ಥರಿಗೆ ಅಪ್ಪ ಬರುತ್ತೇವೆ ಅಂತ ಮಾತು ಕೊಟ್ಟಾಗಿತ್ತು. ನೋಡದೆ ಬೇಡ ಅಂದರೆ ಅವರು ಕಾರಣ ಕೇಳುತ್ತಾರೆ, ಮನೆಮಗಳೇ ಕದ್ದು ಹೋಗಿ ಉಂಡು ಬಂದಳು ಅಂತ ಹೇಳಲಾಗುತ್ತದೆಯೇ. ಹೋಗಿ ನೋಡಿ, ವಿಷಯವನ್ನು ಅವರ ಬಾಯಲ್ಲೇ ಬರಿಸಿದರೆ ನಮ್ಮ ಮೇಲೆ ಮಾತಿಲ್ಲ ಅಂತ ಅತ್ತೆ ತೀರ್ಮಾನ ಕೊಟ್ಟರು. ಹೇಗೆ ಬರಿಸುವುದು ಅಂತ ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಿತು.

ಹೆಣ್ಣು ನೋಡಲು ಹೋಗುವಾಗ ಹೂವು, ಹಣ್ಣು ತೆಗೆದುಕೊಂಡು ಹೋಗುವುದು ವಾಡಿಕೆ. ಹೂವಾಡಗಿತ್ತಿ ಮೊಳ ಹಾಕಿ ಬಾಳೆಎಲೆಯಲ್ಲಿ ಸುತ್ತಿ ದಾರ ಕಟ್ಟಿ ಕೊಡುತ್ತಾಳಲ್ಲ, ಅಂಥದ್ದೇ ಎರಡು ಪೊಟ್ಟಣ ಒಯ್ದೆವು. ಒಂದರಲ್ಲಿ ಮಲ್ಲಿಗೆ. ಇನ್ನೊಂದನ್ನು ನಾನು ಕಟ್ಟಿದ್ದೆ. ಅದರಲ್ಲಿ ನಿಂಬೆಹಣ್ಣಿನ ಗಾತ್ರದ ಗಟ್ಟಿ ಇಂಗು.

ನನ್ನನ್ನು ಕರೆದುಕೊಂಡು ಹೋಗುವುದು ಬೇಡ ಅಂತ ಅಮ್ಮ ಹೇಳಿದಳು, ಗುರುತು ಹಿಡಿಯುತ್ತಾಳೆ ಅಂತ. ಹಿಡಿದರೆ ಹಿಡಿಯಲಿ ಅಂದೆ. ನಾನೇ ಕಟ್ಟಿದ ಪೊಟ್ಟಣ ಬಿಚ್ಚುವುದನ್ನು ನೋಡದೆ ಮನೆಯಲ್ಲಿ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

ಅವಳು ಕಾಫಿ ತಟ್ಟೆ ಹಿಡಿದು ಬಂದಳು. ಎಲ್ಲರಿಗೂ ಕೊಟ್ಟು ನನ್ನ ಹತ್ತಿರ ಬಂದಾಗ ಬೆಚ್ಚಿ ಬೀಳುತ್ತಾಳೆ ಅಂದುಕೊಂಡಿದ್ದೆ. ಬೀಳಲಿಲ್ಲ. ಲೋಟ ಕೈಗಿಡುತ್ತ ನನ್ನ ಬೆರಳುಗಳನ್ನು ಮೆಲ್ಲಗೆ ಒತ್ತಿದಳು. ಅವಳ ಮುಖದಲ್ಲಿ ಇದ್ದ ಕಳೆ ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು. ಎಷ್ಟು ಧೈರ್ಯ ಇವಳಿಗೆ ಅನ್ನಿಸಿತು.

ಅತ್ತೆ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ತಲೆ ಸವರಿದರು. ಹಾಡು ಬರುತ್ತಾ, ಹಸೆ ಬರುತ್ತಾ ಅಂತ ಕೇಳುವುದನ್ನೆಲ್ಲ ಕೇಳಿದರು. ಆಮೇಲೆ ನನ್ನ ಪೊಟ್ಟಣವನ್ನು ಅವಳ ಅಂಗೈಯಲ್ಲಿಟ್ಟು, ತಮಾಷೆಗೆ ಅನ್ನುವ ಹಾಗೆ, 'ಬಿಚ್ಬೇಡಮ್ಮ, ಮೂಸಿ ನೋಡಿ ಯಾವ ಹೂವು ಅಂತ ಹೇಳು' ಅಂದರು. ನಡುಮನೆಯಲ್ಲಿ ಕೂತಿದ್ದ ಎಲ್ಲರಿಗೂ ಆ ಹೊತ್ತಿಗೆ ಇಂಗಿನ ನಾತ ಬಡಿದಿತ್ತು. ಅವಳ ತಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮೇಷ್ಟ್ರು ನೆಲ ನೋಡುತ್ತಿದ್ದರು.

ಅವಳು ಪೊಟ್ಟಣವನ್ನು ಮೂಗಿನ ಹತ್ತಿರ ತಂದಳು. ತಾಯಿಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ನೋಟ ನೇರವಾಗಿತ್ತು, ಕೇಳುವ ಹಾಗಿತ್ತು. ನಾನು ಸದ್ದಿಲ್ಲದೆ ತುಟಿ ಆಡಿಸಿ 'ಮಲ್ಲಿಗೆ' ಅಂದೆ.

'ಮಲ್ಲಿಗೆ' ಅಂದಳು ಅವಳು, ನಗುತ್ತ.

ಅತ್ತೆ ಅವಳ ಕೈಯಿಂದ ಪೊಟ್ಟಣ ತೆಗೆದುಕೊಂಡು ನಿಧಾನವಾಗಿ ದಾರ ಬಿಚ್ಚಿದರು. ಅವಸರವೇ ಇರಲಿಲ್ಲ. ಇಂಗಿನ ಗಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಕಾಫಿ ತಟ್ಟೆಯಲ್ಲಿ ಇಟ್ಟರು. ಅವಳು ಅದನ್ನು ನೋಡಿದಳು, ಆಮೇಲೆ ಮತ್ತೆ ನನ್ನನ್ನು ನೋಡಿದಳು, ಎದ್ದು ಒಳಗೆ ಹೋದಳು. ನಾವು ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಅಂತ ಹೇಳಿ ಎದ್ದೆವು. ಆ ಮಾತನ್ನು ಹೇಳುವವರ ಕಡೆ ನಾನು ನಿಂತದ್ದು ಅವತ್ತೇ ಮೊದಲು, ಹಿತವಾಗಿಯೇ ಇತ್ತು.

ಆಮೇಲೆ ನಡೆದದ್ದಕ್ಕೆ ನಾನೊಬ್ಬಳೇ ಕಾರಣ ಅಲ್ಲ ಅಂತ ಎಷ್ಟೋ ವರ್ಷ ಹೇಳಿಕೊಂಡೆ. ಸುದ್ದಿ ನರಸೀಪುರದಲ್ಲಿ ಬಸ್ಸು ಹತ್ತಿತು. ಮೂಗು ಸತ್ತವಳು ಅಂತ ಹತ್ತಿದ್ದು ಸುತ್ತೂರಿಗೆ ಬರುವಷ್ಟರಲ್ಲಿ ತಲೆ ಕೆಟ್ಟವಳಾಗಿ, ನಂಜನಗೂಡಿನಲ್ಲಿ ಇಳಿಯುವಾಗ ಮೂರ್ಛೆ ರೋಗದವಳಾಗಿತ್ತು. ಅವಳಿಗೆ ಮತ್ತೆ ಜಾತಕ ಯಾರೂ ಕೇಳಲಿಲ್ಲ. ಹಾಳಾದರೆ ಮದುವೆಯೊಂದೇ ಹಾಳಾಗಬೇಕಿತ್ತು. ಆದರೆ ವರ್ಷಗಟ್ಟಲೆ ಅವಳ ಪುಡಿ ಚಪ್ಪರಿಸಿದವರಿಗೆ ಒಂದೇ ವಾರದಲ್ಲಿ ಅದರಲ್ಲಿ ಕಮಟು ಕಾಣಿಸಿತು. ವಾಸನೆ ಗೊತ್ತಾಗದವಳು ಏನು ಹಾಕಿರುತ್ತಾಳೋ ಏನೋ ಅಂದರು. ಪುಡಿಯ ವ್ಯಾಪಾರ ನಿಂತಿತು. ನಮ್ಮ ಮನೆಯಲ್ಲಿ ಮಾತ್ರ ಅವಳು ಕೊಟ್ಟಿದ್ದ ಪೊಟ್ಟಣ ತಳ ಕಾಣುವವರೆಗೂ ಸಾರು ಮಾಡಿದೆವು. ಅಮ್ಮ ಕೊನೆಯ ಚಮಚ ಹಾಕುತ್ತ, ಪುಡಿ ಮಾತ್ರ ಬಹಳ ಚೆನ್ನಾಗಿತ್ತು ಕಣೇ ಅಂದಳು. ಅತ್ತೆಯೂ ಹೌದು ಅಂದರು.

ಅಣ್ಣನಿಗೆ ಮರುವರ್ಷ ಬೇರೆ ಕಡೆ ಮದುವೆಯಾಯಿತು. ಬಂದ ಅತ್ತಿಗೆಗೆ ಎಲ್ಲ ವಾಸನೆಯೂ ಗೊತ್ತಾಗುತ್ತಿತ್ತು, ಅದರಲ್ಲೂ ನನ್ನದು. ನಾನು ತಡವಾಗಿ ಟೀಚರ್ ಟ್ರೈನಿಂಗ್ ಮಾಡಿ ನಿಜವಾಗಿಯೂ ಟೀಚರಾದೆ, ಬೇರೆ ಬಾಡಿಗೆ ಮನೆ ಮಾಡಿದೆ. ಪುಸ್ತಕದಂಗಡಿ ಮುಚ್ಚಿ ಅಲ್ಲಿ ಮೊಬೈಲ್ ರಿಪೇರಿ ಬಂತು. ಗೂಢಚಾರರ ಕಾದಂಬರಿ ಓದುವುದನ್ನು ನಾನು ಅದಕ್ಕೆ ಮುಂಚೆಯೇ ಬಿಟ್ಟಿದ್ದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು. ನರಸೀಪುರದಲ್ಲಿ ಟೀಚರುಗಳಿಗೆ ಮೂರು ದಿನದ ತರಬೇತಿಯಿತ್ತು. ಮಧ್ಯಾಹ್ನದ ಊಟ ಒಂದು ಹಾಸ್ಟೆಲ್ಲಿನಿಂದ ಬರುತ್ತಿತ್ತು. ಎರಡನೆಯ ದಿನ ಸಾರಿನ ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಬಂದವಳು ಅವಳು. ಕೂದಲು ಕಿವಿಯ ಮೇಲೆ ನರೆತಿತ್ತು. ನನ್ನ ಎಲೆಗೆ ಸಾರು ಹಾಕಿದಳು, ಮುಂದೆ ಹೋದಳು. ಗುರುತು ಸಿಗಲಿಲ್ಲ ಅಂದುಕೊಂಡು ಉಸಿರು ಬಿಟ್ಟೆ. ಕೈ ತೊಳೆದು ಬರುವಾಗ ನಲ್ಲಿಯ ಕಟ್ಟೆಯ ಮೇಲೆ ಕೂತಿದ್ದವಳು, 'ಬನ್ನಿ ಅಕ್ಕ' ಅಂತ ಪಕ್ಕದಲ್ಲಿ ಜಾಗ ಬಿಟ್ಟಳು.

ಹಾಸ್ಟೆಲ್ಲಿನಲ್ಲಿ ಅಡುಗೆಗಿದ್ದಳು. ಮೇಷ್ಟ್ರು ತೀರಿಕೊಂಡಿದ್ದರು, ತಾಯಿ ಇದ್ದರು. ನನ್ನ ಅಮ್ಮ, ಅತ್ತೆಯನ್ನೆಲ್ಲ ವಿಚಾರಿಸಿಕೊಂಡಳು. ನನಗೆ ಕೂರಲಾಗಲಿಲ್ಲ. ಸುಳ್ಳು ಹೇಳಿ ನಿಮ್ಮ ಮನೆಗೆ ಬಂದದ್ದು ತಪ್ಪಾಯಿತು ಅಂತ ತೊದಲಿದೆ. ಹತ್ತು ವರ್ಷದಲ್ಲಿ ನಾನು ಒಪ್ಪಿಕೊಳ್ಳಲು ಸಿದ್ಧವಾಗಿದ್ದದ್ದು ಅಷ್ಟನ್ನೇ.

'ಸುಳ್ಳು ಅಂತ ಮೊದಲ್ನೇ ದಿನಾನೇ ಗೊತ್ತಿತ್ತಲ್ಲ' ಅಂದಳು. 'ನಿಮ್ಮಣ್ಣನ ಫೋಟೋ ಬಂದು ಹದಿನೈದು ದಿನ ಆಗಿತ್ತು. ಅದೇ ಗದ್ದ, ಅದೇ ಹುಬ್ಬು. ಸಾರಿನ ಪುಡಿಗೆ ಬಿಳಿಗೆರೆಯಿಂದ ಯಾರಕ್ಕ ಬರ್ತಾರೆ.'

ಮತ್ಯಾಕೆ ನನ್ನ ಹತ್ತಿರ ಹೇಳಿದೆ ಅಂದೆ.

'ಅದಕ್ಕೇ ಹೇಳಿದ್ದು. ನಾನು ಹೇಳೋ ಹಂಗಿರ್ಲಿಲ್ಲ, ಆಣೆ ಇತ್ತು. ನಿಮ್ಮ ಬಾಯಿಂದ ಹೋದ್ರೆ ನಿಮ್ಮನೆಯವ್ರಿಗೆ ಅಷ್ಟು ಕೆಟ್ಟದಾಗಿ ಕೇಳ್ಸಲ್ಲ ಅಂದ್ಕೊಂಡೆ. ಸಾರು ಎರಡು ಸಲ ಹಾಕಿಸ್ಕೊಂಡ್ರಲ್ಲ, ಒಳ್ಳೇವ್ರ ಥರ ಕಂಡ್ರಿ.' ಸೆರಗಿನಲ್ಲಿ ಕೈ ಒರೆಸಿಕೊಂಡಳು. 'ಆಮೇಲೆ ನೀವೆಲ್ಲ ಹೂವು ಹಣ್ಣು ಹಿಡ್ಕೊಂಡು ಬಂದ್ರಲ್ಲ, ವಿಷ್ಯ ಗೊತ್ತಾಗಿ ಒಪ್ಕೊಂಡೇ ಬಂದಿದ್ದಾರೆ ಅಂತ ಬೆಳಿಗ್ಗೆಯಿಂದ ಎಷ್ಟು ಸಂತೋಷವಾಗಿದ್ದೆ ಗೊತ್ತಾ. ಪೊಟ್ಟಣ ಕೈಗೆ ಬಂದಾಗ ಗಾಬರಿಯಾಯ್ತು. ನಿಮ್ಮ ತುಟಿ ನೋಡ್ದೆ. ನಿಮ್ಮನೆಯವ್ರಲ್ಲಿ ನನ್ನ ಕಡೆಗೆ ಒಬ್ಬರಾದ್ರೂ ಇದ್ದಾರಲ್ಲ ಅನ್ನಿಸ್ತು.'

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಒಳಗಿನಿಂದ ಯಾರೋ ಕರೆದರು. ಎರಡನೇ ಪಂಕ್ತಿಗೆ ಎಲೆ ಹಾಕಿಯಾಗಿತ್ತು. ಅವಳು ಬಕೆಟ್ಟು ಎತ್ತಿಕೊಂಡು ಬಡಿಸಲು ಹೋದಳು.